ನೀರುಂಡು ಸೊರಗಿದ ಆರ್ಕಿಡ್

ಕಳೆದ ಚೈತ್ರದಲ್ಲಿ ಹೇಮಗುಡ್ಡದ ತಾಯಿಯೊಬ್ಬರು ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೊರಟಾಗ, ಹೂಬಿಟ್ಟ ಆರ್ಕಿಡ್ ಗಿಡವೊಂದನ್ನು ತಂದು ನಮ್ಮ ಪಡಸಾಲೆಯಲ್ಲಿರಿಸಿದರು. ಆ ಮಗಳೇ ತನ್ನ ಮೊದಲ ಸಂಬಳದಲ್ಲಿ ತಾಯಿಗೆ ಕೊಂಡು ತಂದಿದ್ದ ಗಿಡವದು. "ಅಜ್ಜಾರ, ಮೂರು ತಿಂಗಳಿಗೆ ಬರ್ತೀನ್ರಿ, ಇದನ್ನಷ್ಟು ನೋಡ್ಕೊಳ್ರಿ" ಎಂದು ಹೇಳಿ ಹೋದರು.

ಪತ್ರಿಯ ಗಿಡಕ್ಕೂ ಕಣಗಿಲೆಗೂ ನಿತ್ಯ ನೀರೆರೆಯುವುದು ನಮ್ಮ ರೂಢಿ. ಅದೇ ತಂಬಿಗೆಯಿಂದ ಇದಕ್ಕೂ ಎರೆದೆವು. ಮೂರು ವಾರಗಳೊಳಗೆ ಹೂಗಳು ಉದುರಿ, ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಬಿಸಿಲ ಝಳಕ್ಕೆ ಬಾಡಿತೆಂದು ಬಗೆದು ಇನ್ನೊಂದು ತಂಬಿಗೆ ಹೆಚ್ಚಿಸಿದೆವು. ಕಡೆಗೆ ತೋಟಗಾರಿಕೆ ಓದಿದ ತರುಣರೊಬ್ಬರು ಬಂದು ಗಿಡವನ್ನು ಕುಂಡದಿಂದ ಹೊರತೆಗೆದಾಗ ನಮ್ಮ ಅಜ್ಞಾನ ಬಯಲಾಯಿತು. ಬೇರುಗಳೆಲ್ಲ ಕಂದಿ, ಒತ್ತಿದರೆ ಲೋಳೆಯಾಗುತ್ತಿದ್ದವು. ಗಟ್ಟಿಯಾಗಿ ಉಳಿದಿದ್ದವು ನಾಲ್ಕೈದು ಮಾತ್ರ. ಗ್ರಂಥಗಳ ನಡುವೆ ಆಯುಷ್ಯ ಕಳೆದವರಿಗೆ ಒಂದು ಕುಂಡದೊಳಗೇನಿದೆಯೆಂದು ಇಣುಕುವ ಬುದ್ಧಿ ಹೊಳೆಯಲಿಲ್ಲ.

ಅಗಲವಾದ ಎಲೆ, ಪತಂಗದಾಕಾರದ ಹೂವುಳ್ಳ ಈ ಜಾತಿಗೆ ಫಲೆನಾಪ್ಸಿಸ್ ಎಂದು ಹೆಸರು. ಬ್ಲೂಮೆ ಎಂಬ ಸಸ್ಯಶಾಸ್ತ್ರಜ್ಞನು ೧೮೨೫ರಲ್ಲಿಟ್ಟ ಈ ಗ್ರೀಕ್ ಮೂಲದ ಹೆಸರಿಗೆ ಪತಂಗದಂತೆ ಕಾಣುವುದು ಎಂದೇ ಅರ್ಥ. ಆಗ್ನೇಯ ಏಷ್ಯದ ಮಳೆಕಾಡುಗಳಲ್ಲಿ ಇದು ಮರದ ತೊಗಟೆಯನ್ನಪ್ಪಿ ಬೆಳೆಯುತ್ತದೆ. ಬದನಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಮರ ಇದಕ್ಕೆ ಆಸರೆ ಮಾತ್ರ. ಮುಂಗಾರಿನ ಹೊತ್ತಿಗೆ ಮಲೆನಾಡಿನ ಮರಗಳಿಂದ ಹಾರದಂತೆ ಇಳಿಬೀಳುವ ಸೀತಾಳೆ ದಂಡೆಯೂ ಇದರ ಕುಲದ್ದೇ. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬದಲ್ಲಿ ಮುಡಿಯುವುದೂ ಅದೇ ಹೂವನ್ನು.

ಗಾಳಿಗೆ ತೆರೆದುಕೊಂಡಿರುವ ಆ ಬೇರುಗಳ ಮೇಲೆ ಸ್ಪಂಜಿನಂಥ ಬಿಳಿಯ ಹೊದಿಕೆಯೊಂದಿರುತ್ತದೆ. ಮಳೆ ಬಿದ್ದೊಡನೆ ಅದು ನೀರನ್ನು ಹೀರಿ ಹಸಿರಾಗುತ್ತದೆ, ಗಾಳಿಯಾಡಿ ಒಣಗಿದಾಗ ಮತ್ತೆ ಬೆಳ್ಳಿಯ ಬಣ್ಣಕ್ಕೆ ಮರಳುತ್ತದೆ. ಇಂಥ ಬೇರನ್ನು ಸದಾ ತೊಯ್ದ ಕುಂಡದಲ್ಲಿ ಹುಗಿದರೆ ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನೆತ್ತಲಾರದು. ಆದ್ದರಿಂದ ನೀರಿನ ನಡುವೆಯೇ ಎಲೆ ಬಾಡುತ್ತದೆ. ಅದನ್ನು ಬಾಯಾರಿಕೆಯೆಂದು ತಿಳಿದು ಮತ್ತೆ ನೀರೆರೆಯುವುದೇ ಹೊಸಬರು ಮಾಡುವ ಪ್ರಮಾದ.

ಹೀಗಾಗಿ ದಿನಗಳನ್ನೆಣಿಸದೆ ಬೇರನ್ನು ನೋಡಿ ನೀರು ಕೊಡಬೇಕು. ಪಾರದರ್ಶಕವಾದ ಪ್ಲಾಸ್ಟಿಕ್ ಕುಂಡವಿದ್ದರೆ ಇದು ಸುಲಭ. ಬೇರು ಬೆಳ್ಳಗಾದಾಗ ಮುಂಜಾನೆ ಚೆನ್ನಾಗಿ ಎರೆದು, ನೀರು ತಳದಿಂದ ಪೂರ್ತಿ ಬಸಿಯುವಂತೆ ಬಿಡಬೇಕು. ಸಾಮಾನ್ಯವಾಗಿ ವಾರಕ್ಕೊಮ್ಮೆ, ನಮ್ಮ ಸೀಮೆಯ ಕಡುಬೇಸಗೆಯಲ್ಲಿ ವಾರಕ್ಕೆರಡು ಬಾರಿ ಬೇಕಾದೀತು. ಎಲೆಗಳು ಕೂಡುವ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒರೆಸಬೇಕು. ನಮ್ಮ ಕೊಳವೆಬಾವಿಗಳ ನೀರು ಬಹುಪಾಲು ಗಡಸು, ಬೇರಿನ ಮೇಲೆ ಉಪ್ಪು ಕಟ್ಟುತ್ತದೆ. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟರೆ ಉತ್ತಮ.

ಕುಂಡಕ್ಕೆ ಎರೆಮಣ್ಣಾಗಲಿ ಕೆಮ್ಮಣ್ಣಾಗಲಿ ಸಲ್ಲದು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹೇರಳವಾಗಿ ಸಿಗುವ ಭತ್ತದ ಹೊಟ್ಟನ್ನೇ ತುಂಬಿದರಾಗದೇ ಎಂದು ಕೇಳಿದವರುಂಟು. ಅದು ಕಾಲಕ್ರಮೇಣ ಕೊಳೆತು ಒತ್ತಾಗಿ ಗಾಳಿಯನ್ನು ತಡೆಯುತ್ತದೆ. ಬಳ್ಳಾರಿ ಜಾಲಿಯ ಇದ್ದಿಲಿನ ಚೂರು, ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡುಗಳು ಸಾಕು.

ಹೇಮಗುಡ್ಡದ ಸುತ್ತಣ ಬಂಡೆಗಳು ಹಗಲ ಬಿಸಿಲನ್ನುಂಡು ರಾತ್ರಿಯೂ ಉಗುಳುತ್ತವೆ. ವೈಶಾಖದ ಉಷ್ಣ ೪೦ ಡಿಗ್ರಿಯನ್ನು ಮುಟ್ಟುವುದು ಇಲ್ಲಿ ಅಪರೂಪವಲ್ಲ. ಈ ಗಿಡಕ್ಕೆ ಹಿತವಾದದ್ದು ೧೮ರಿಂದ ೩೦. ಆದ್ದರಿಂದ ಎಳೆಬಿಸಿಲು ಮಾತ್ರ ಬೀಳುವ ಮೂಡಣ ಕಿಟಕಿಯೇ ಇದರ ಸ್ಥಾನ. ಅಗಲವಾದ ತಟ್ಟೆಯಲ್ಲಿ ಗರಸು ಹರವಿ ನೀರು ತುಂಬಿ, ಕುಂಡದ ತಳ ನೀರಿಗೆ ತಾಗದಂತೆ ಮೇಲಿರಿಸಿದರೆ ಸುತ್ತಲಿನ ಗಾಳಿ ತುಸು ತೇವಗೊಳ್ಳುತ್ತದೆ. ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆಯೆಂದರೆ, ಸೆಕೆಯನ್ನು ಇದಕ್ಕಿಂತ ಹೆಚ್ಚು ತಾಳುವ ಡೆಂಡ್ರೋಬಿಯಂ ಜಾತಿಯನ್ನೇ ಆರಿಸಿರಿ. ಅದಕ್ಕೆ ಬೆಳಕು ಮಾತ್ರ ಹೆಚ್ಚು ಬೇಕು.

ಆ ತರುಣರು ಕತ್ತರಿಯನ್ನು ಬೆಂಕಿಗೆ ಹಿಡಿದು ಶುದ್ಧಗೊಳಿಸಿ, ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿದರು. ಒಂದು ದಿನ ನೆರಳಲ್ಲಿ ಆರಿಸಿ ಮತ್ತೆ ನೆಟ್ಟರು. ಆಷಾಢದಲ್ಲಿ ಆ ತಾಯಿ ಮರಳಿ ಬಂದರು. ಮೊಮ್ಮಗನ ಸುದ್ದಿ ಹೇಳುತ್ತಲೇ ಗಿಡದತ್ತ ನೋಡಿ ಸುಮ್ಮನಾದರು. ನಡೆದದ್ದನ್ನು ಮರೆಮಾಚದೆ ಹೇಳಿದೆವು.

"ಸತ್ತಿಲ್ಲಲ್ರಿ?" ಎಂದು ಕೇಳಿದರು.

ಕುಂಡವನ್ನೆತ್ತಿ, ಇದ್ದಿಲ ಚೂರುಗಳ ನಡುವೆ ಹಸಿರು ತುದಿಯ ಹೊಸ ಬೇರೊಂದು ಮೂಡಿದ್ದನ್ನು ತೋರಿಸಿದೆವು.

ಈಗ ಕಾರ್ತಿಕ. ಗಿಡ ಅವರ ಮನೆಯ ಮೂಡಣ ಕಿಟಕಿಯಲ್ಲಿದೆ, ಹೊಸ ಎಲೆಯೊಂದು ಬಂದಿದೆ. ರಾತ್ರಿಯ ತಂಪು ಕೆಲವು ವಾರ ತಾಗಿದ ಮೇಲೆಯೇ ಈ ಜಾತಿ ಹೂವಿನ ದಂಟನ್ನು ಹೊಮ್ಮಿಸುವುದು. ಅವರಿನ್ನೂ ಮಗಳಿಗೆ ಏನೂ ಹೇಳಿಲ್ಲವಂತೆ.