ಇಂಪು ಮೊದಲು, ಕಂಪನಿ ಆಮೇಲೆ

ಇಂಡಿ ರಾಕ್ ತಂಡವೊಂದು ಗದ್ದಲ ತಗ್ಗಿಸಿ ಇಂಪಾದ ಹಾಡು ಕಟ್ಟಿದರೆ ಸಾಕು, ಹಳೆಯ ಅಭಿಮಾನಿಗಳ ಬಾಯಿಂದ ಬರುವ ಮೊದಲ ಮಾತು 'ದುಡ್ಡಿಗೆ ಮಾರಿಕೊಂಡರು' ಎಂಬುದು. ಅಮೆರಿಕದ ಮಿನ್ನಿಯಾಪೊಲಿಸ್‌ನ ಹಸ್ಕರ್ ಡೂ ತಂಡಕ್ಕೂ ಈ ಮಾತು ತಪ್ಪಲಿಲ್ಲ. ಆದರೆ ಇಸವಿಗಳನ್ನು ಸಾಲಾಗಿಟ್ಟು ನೋಡಿದರೆ ಆ ಆರೋಪ ನಿಲ್ಲುವುದಿಲ್ಲ.

ಗಿಟಾರ್‌ನ ಬಾಬ್ ಮೋಲ್ಡ್, ಡ್ರಮ್ಸ್‌ನ ಗ್ರಾಂಟ್ ಹಾರ್ಟ್, ಬೇಸ್‌ನ ಗ್ರೆಗ್ ನಾರ್ಟನ್ ಸೇರಿ 1979ರಲ್ಲಿ ಕಟ್ಟಿದ ತಂಡವಿದು. 1982ರಲ್ಲಿ ಬಂದ ಮೊದಲ ಆಲ್ಬಂ 'ಲ್ಯಾಂಡ್ ಸ್ಪೀಡ್ ರೆಕಾರ್ಡ್'ನಲ್ಲಿ 17 ಹಾಡುಗಳು 26 ನಿಮಿಷದಲ್ಲಿ ಮುಗಿದುಹೋಗುತ್ತವೆ. ಮಾತು ಕಿವಿಗೆ ಹತ್ತುವಷ್ಟರಲ್ಲಿ ಮುಂದಿನ ಹಾಡು ಶುರುವಾಗಿರುತ್ತದೆ. 1984ರ ಜೋಡಿ ಆಲ್ಬಂ 'ಜೆನ್ ಆರ್ಕೇಡ್'ನಲ್ಲಿ ಅದೇ ಅಬ್ಬರದ ನಡುವೆ ಅಕೌಸ್ಟಿಕ್ ಗಿಟಾರ್ ಮತ್ತು ಪಿಯಾನೊ ಕೇಳಿಸಿದವು. 1985ರ 'ಫ್ಲಿಪ್ ಯುವರ್ ವಿಗ್' ಹೊತ್ತಿಗೆ, ಒಮ್ಮೆ ಕೇಳಿದವರು ಗುನುಗಬಹುದಾದ ಪಲ್ಲವಿಗಳೇ ಬಂದಿದ್ದವು.

ಈ ಎರಡೂ ಆಲ್ಬಂಗಳು ಬಂದದ್ದು ಎಸ್‌ಎಸ್‌ಟಿ ಎಂಬ ಸಣ್ಣ ಸ್ವತಂತ್ರ ಕಂಪನಿಯಿಂದ. 'ಫ್ಲಿಪ್ ಯುವರ್ ವಿಗ್' ತನಗೆ ಬೇಕೆಂದು ವಾರ್ನರ್ ಬ್ರದರ್ಸ್ ಕೇಳಿದರೂ ತಂಡ ಅದನ್ನು ಎಸ್‌ಎಸ್‌ಟಿಗೇ ಕೊಟ್ಟಿತು. ವಾರ್ನರ್‌ನಿಂದ ಬಂದ ಮೊದಲ ಆಲ್ಬಂ 1986ರ 'ಕ್ಯಾಂಡಿ ಆ್ಯಪಲ್ ಗ್ರೇ'. ಅಂದರೆ ಇಂಪು ಮೊದಲು ಬಂತು, ದೊಡ್ಡ ಕಂಪನಿ ಅದನ್ನು ಹುಡುಕಿಕೊಂಡು ಆಮೇಲೆ ಬಂತು.

ಹಾಗೆಂದು ಕೊನೆಯ ಆಲ್ಬಂಗಳಲ್ಲಿ ಕೊರತೆಯೇ ಇಲ್ಲವೆಂದಲ್ಲ. 1987ರ 'ವೇರ್‌ಹೌಸ್' 20 ಹಾಡುಗಳ ಜೋಡಿ ಆಲ್ಬಂ. ಕೆಲವನ್ನು ಕೈಬಿಟ್ಟಿದ್ದರೆ ಬಿಗಿಯಾಗುತ್ತಿತ್ತು. ಆದರೆ ಅದು ಆಯ್ಕೆಯಲ್ಲಾದ ತಪ್ಪು, ಪ್ರಾಮಾಣಿಕತೆಯದ್ದಲ್ಲ. ಇವೆರಡನ್ನು ಕಲಸಿದರೆ ನಷ್ಟ ಕೇಳುಗನಿಗೇ. ಜೋರಾಗಿದ್ದದ್ದೆಲ್ಲ ನಿಜ, ಇಂಪಾದದ್ದೆಲ್ಲ ವ್ಯಾಪಾರ ಎಂದು ಮೊದಲೇ ತೀರ್ಮಾನಿಸಿದವನಿಗೆ ಹಾಡು ಕೇಳುವ ಕೆಲಸವೇ ಉಳಿಯುವುದಿಲ್ಲ.

ಅಬ್ಬರದಲ್ಲಿ ಸಿಟ್ಟನ್ನು ಹೇಳಬಹುದು. ಸಂಬಂಧ ಮುರಿದ ಮೇಲಿನ ಖಾಲಿತನ, ಸಾವು, ನಾಚಿಕೆ ಇವುಗಳಿಗೆ ಮಾತು ಕೇಳಿಸುವಷ್ಟು ಜಾಗ ಬೇಕು. ಹಸ್ಕರ್ ಡೂ ರಾಗದ ಕಡೆ ಹೊರಳಿ ಮಾಡಿಕೊಂಡದ್ದು ಆ ಜಾಗವನ್ನು. ಗಿಟಾರಿನ ಕರ್ಕಶ ಪೂರ್ತಿ ಹೋಗಲೂ ಇಲ್ಲ. ಅದರ ಒಳಗಿಂದಲೇ ರಾಗ ಎದ್ದು ಬಂತು. ಅನುಮಾನವಿದ್ದವರು 1982ರ ಆಲ್ಬಂನಿಂದ ಶುರುಮಾಡಿ ಇಸವಿಯ ಕ್ರಮದಲ್ಲೇ ಕೇಳಲಿ.