ಹೋಟೆಲು ಮುಚ್ಚುವ ದಿನ ಉಕ್ಕುವ ಪ್ರೀತಿ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್ 6ರಂದು ಬಾಗಿಲು ಹಾಕಿತು. 1954ರಲ್ಲಿ ಶುರುವಾಗಿದ್ದ ಹೋಟೆಲು, ಎಪ್ಪತ್ತರ ಹೊಸ್ತಿಲಲ್ಲಿತ್ತು. ಸುದ್ದಿ ಹಬ್ಬಿದ್ದೇ ತಡ, ಹಸಿರು ಮಸಾಲೆ ಇಡ್ಲಿ, ಬಟನ್ ಇಡ್ಲಿ, ರಾಗಿ ದೋಸೆಯನ್ನು ಕೊನೇ ಸಲ ತಿಂದುಬಿಡೋಣವೆಂದು ಜನ ಸಾಲುಗಟ್ಟಿ ನಿಂತರು. ಜಾಗ ಒಡವೆ ವ್ಯಾಪಾರದವರ ಪಾಲಾಯಿತೆಂದು ಪತ್ರಿಕೆಗಳು ಬರೆದವು. ಅವತ್ತು ಎದ್ದ ಜಗಳ ಒಂದೊಂದು ಹಳೇ ಹೋಟೆಲು ಮುಚ್ಚಿದಾಗಲೂ ಮತ್ತೆ ಏಳುತ್ತದೆ. ‘ಅವರ ಆಸ್ತಿ ಅವರು ಮಾರಿಕೊಂಡರೆ ನಿಮಗೇನು ಕಷ್ಟ?’ ಎಂದು ಒಂದು ಗುಂಪು. ‘ನಮ್ಮ ಬೆಂಗಳೂರು ಮುಗಿದೇ ಹೋಯಿತು’ ಎಂದು ಇನ್ನೊಂದು. ಈ ಎರಡು ಗುಂಪಿನಿಂದಲೂ ಇಲ್ಲಿಯತನಕ ಒಂದು ಹೋಟೆಲಾದರೂ ಉಳಿದಿಲ್ಲ.

ಮಾಲೀಕರನ್ನು ದೂರುವುದು ಅನ್ಯಾಯ. ಹೋಟೆಲು ನಡೆಸುವುದೆಂದರೆ ಬೆಳಗಿನ ಜಾವಕ್ಕೆ ಒಲೆ ಹಚ್ಚುವುದು, ಹಾಲು, ತರಕಾರಿ, ಗ್ಯಾಸಿನ ಲೆಕ್ಕ ನೋಡುವುದು, ಸಪ್ಲೈಯರ್ ಬರದಿದ್ದ ದಿನ ತಾವೇ ತಟ್ಟೆ ಹಿಡಿಯುವುದು. ಎರಡು ಮೂರು ತಲೆಮಾರು ಹೀಗೆ ದುಡಿದ ಮನೆಯವರಿಗೆ ‘ಇನ್ನೂ ನಡೆಸಿ’ ಎಂದು ಹೇಳುವ ಹಕ್ಕು ಹತ್ತು ನಿಮಿಷ ಕೂತು ಕಾಫಿ ಕುಡಿದು ಹೋಗುವ ನಮಗಿಲ್ಲ. ಆದರೆ ‘ನಿಮಗೇನು ಕಷ್ಟ?’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕಟ್ಟಡ ಮಾಲೀಕರದು, ನಿಜ. ಅಡುಗೆಮನೆಯಲ್ಲಿ ಹಿಟ್ಟಿನ ಹದ ಬಲ್ಲ ಕೈ ಯಾರದು? ಯಾವ ಮೇಜಿನವರಿಗೆ ಸಾಂಬಾರ್ ಬೇರೆ ಬಟ್ಟಲಲ್ಲಿ ಬೇಕು, ಯಾರಿಗೆ ಸಕ್ಕರೆ ಕಮ್ಮಿ ಎಂದು ಬಲ್ಲವನ ನೆನಪು ಯಾರದು? ಊರಿನಿಂದ ಹುಡುಗನಾಗಿ ಬಂದು, ಲೋಟ ತೊಳೆಯುತ್ತ, ಕೊನೆಗೆ ದೋಸೆ ಕಲ್ಲಿನ ಮುಂದೆ ನಿಂತವನ ವಿದ್ಯೆಗೆ ಕ್ರಯಪತ್ರದಲ್ಲಿ ಬೆಲೆ ಕಟ್ಟುವುದಿಲ್ಲ. ಹೋಟೆಲು ಮುಚ್ಚಿದಾಗ ಚದುರಿಹೋಗುವುದು ಈ ವಿದ್ಯೆ. ಒಮ್ಮೆ ಚದುರಿದ ಅಡುಗೆಮನೆಯನ್ನು ಮತ್ತೆ ಕೂಡಿಸಿದ ಉದಾಹರಣೆ ತೀರ ಅಪರೂಪ.

ಹಾಗಾದರೆ ಪ್ರೀತಿ ಸಾಕೇ? ಜಪಾನಿನ ಒಂದು ಹಾಡು ನೆನಪಾಗುತ್ತದೆ. ‘ಒಸಕಾನ ತೆಂಗೊಕು’ ಅದರ ಹೆಸರು, ಮೀನುಗಳ ಸ್ವರ್ಗ ಎಂದರ್ಥ. ಜನ ಮೀನು ಹೆಚ್ಚು ತಿನ್ನಲಿ ಎಂದು ಅಲ್ಲಿನ ಮೀನುಗಾರರ ಸಹಕಾರ ಸಂಘಗಳ ಒಕ್ಕೂಟ 1991ರಲ್ಲಿ ಮಾಡಿಸಿದ ಹಾಡು. ಮೀನುಗಳ ಹೆಸರನ್ನೇ ಪೋಣಿಸಿದ, ಮಕ್ಕಳು ಒಂದೇ ಸಲಕ್ಕೆ ಕಲಿತುಬಿಡುವ ಕುಣಿತದ ಧಾಟಿ. ಅಂಗಡಿಗಳಲ್ಲಿ ಮೀನು ಮಾರುವ ಕಡೆ ವರ್ಷಗಟ್ಟಲೆ ಮೊಳಗಿ, 2002ರಲ್ಲಿ ಸಿ.ಡಿ.ಯಾಗಿ ಬಂದಾಗ ದೇಶವೇ ಹಾಡಿತು. ಎಷ್ಟು ಲವಲವಿಕೆಯ ಹಾಡು! ಕೇಳಿದವರ ಮುಖ ಅರಳದೆ ಇರದು. ಆದರೂ ಆಮೇಲೆ ಆದದ್ದೇನು? 2001ರಲ್ಲಿ ತಲೆಗೆ ವರ್ಷಕ್ಕೆ ಸುಮಾರು 40 ಕಿಲೋ ಇದ್ದ ಮೀನಿನ ಬಳಕೆ, 2022ರ ಹೊತ್ತಿಗೆ 22 ಕಿಲೋ ಆಸುಪಾಸಿಗೆ ಇಳಿದಿತ್ತು. ನಡುವೆ 2011ರ ಸುಮಾರಿಗೆ ಮಾಂಸ ಮೀನನ್ನು ಹಿಂದೆ ಹಾಕಿತು. ಹಾಡು ಗೆದ್ದಿತು, ಮೀನು ಸೋತಿತು. ಮೊಬೈಲಿನಲ್ಲಿ ಹರಿದಾಡುವ ನಮ್ಮ ಮಸಾಲೆ ದೋಸೆಯ ರೀಲ್‌ಗಳನ್ನು ನೋಡುವಾಗ ಈ ಅಂಕಿಗಳು ನನ್ನನ್ನು ಕಾಡುತ್ತವೆ. ಮೆಚ್ಚಿ ಹಾಡುವವರು ಎಷ್ಟೇ ಇರಲಿ, ಬಾಡಿಗೆ ಕರಾರಿನ ಮೇಲೆ ಆ ಮೆಚ್ಚುಗೆಯ ಪ್ರಭಾವ ಬೀಳುವುದಿಲ್ಲ.

ಬೆಂಗಳೂರಿನಲ್ಲೇ ಬೇರೆ ದಾರಿ ಹಿಡಿದವರಿದ್ದರು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಬೀದಿಗೆ ಬೀಳಬೇಕಾಗಿದ್ದ ಕೆಲಸಗಾರರು, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ, ತಮ್ಮದೇ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು ಇಲ್ಲೇ, 1957ರ ಆಗಸ್ಟ್ 19ರಂದು. 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಕಟ್ಟಡ ಕೈತಪ್ಪಿದಾಗ ಆ ಸಂಘದ ಇಂಡಿಯನ್ ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಹೋಗಿ ಮತ್ತೆ ಒಲೆ ಹಚ್ಚಿತು. ಹಳೇ ಗೋಡೆಗಳು ಹೋದವು, ಅಡುಗೆಮನೆ ಒಟ್ಟಾಗಿ ಉಳಿಯಿತು. ಅದನ್ನು ಉಳಿಸಿದ್ದು ಹಿಂದಿನ ದಿನಗಳ ಹಂಬಲವಲ್ಲ, ಸಂಘ.

ಇದು ಮಲ್ಲೇಶ್ವರದವರ ಸಂಕಟ, ಮಹಾತ್ಮ ಗಾಂಧಿ ರಸ್ತೆಯವರ ಸಂಕಟ ಎಂದು ಚಂದ್ರಾ ಲೇಔಟಿನ ನಾವು ಸುಮ್ಮನಿರುವಂತಿಲ್ಲ. ನಮ್ಮ ಕಡೆಯ ದರ್ಶಿನಿಗಳಲ್ಲಿ ಎಷ್ಟೋ ಇರುವುದು ಬಾಡಿಗೆ ಮಳಿಗೆಗಳಲ್ಲಿ. 2015ರಲ್ಲಿ ಪಕ್ಕದ ಅತ್ತಿಗುಪ್ಪೆಗೆ ಮೆಟ್ರೊ ಬಂತು, ಅದರ ಬೆನ್ನಿಗೆ ಮುಖ್ಯರಸ್ತೆಯ ಮಳಿಗೆಗಳ ಬೆಲೆಯೂ ಏರಿತು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬೈಟು ಕಾಫಿ ಹಿಡಿದು ನಿಲ್ಲುವ ಹಿರಿಯರಿಗೆ, ರೂಮು ಮಾಡಿಕೊಂಡು ಓದುವ ಹುಡುಗರಿಗೆ ಊಟದಷ್ಟೇ ಮುಖ್ಯವಾದ ಜಾಗಗಳಿವು. ಇವುಗಳಲ್ಲಿ ಯಾವುದೂ ಇನ್ನೂ ‘ಪರಂಪರೆ’ ಅನ್ನಿಸಿಕೊಂಡಿಲ್ಲ. ಅನ್ನಿಸಿಕೊಳ್ಳುವವರೆಗೆ ಬದುಕಲಿ ಎಂಬುದೇ ನನ್ನ ಬೇಡಿಕೆ.

ಇದಕ್ಕೊಂದು ಮಾದರಿ ಇದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು 2015ರಲ್ಲಿ ಒಂದು ನಿಧಿಗೆ ಒಪ್ಪಿಗೆ ಕೊಟ್ಟರು. ಮೂವತ್ತು ವರ್ಷ ದಾಟಿದ ವ್ಯಾಪಾರಗಳನ್ನು ಅಲ್ಲಿ ನಗರಾಡಳಿತ ಪಟ್ಟಿ ಮಾಡುತ್ತದೆ. ಅಂಥವರಿಗೆ ಹತ್ತು ವರ್ಷದ ಕರಾರು ಕೊಟ್ಟ ಕಟ್ಟಡದ ಮಾಲೀಕರಿಗೆ ಆ ನಿಧಿಯಿಂದ ಹಣ ಸಿಗುವಂತೆ ಮಾಡಿದರು. ಮಾಲೀಕರ ಕೈ ಕಟ್ಟಲಿಲ್ಲ, ಹಳಬರನ್ನು ಇಟ್ಟುಕೊಳ್ಳುವುದರಲ್ಲೂ ಲಾಭ ಇರುವ ಹಾಗೆ ಮಾಡಿದರು, ಅಷ್ಟೇ. ಇಲ್ಲಿ ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆಗಳಾಗಿವೆ. ನಮ್ಮ ಪಶ್ಚಿಮ ಪಾಲಿಕೆ ಈ ಕೆಲಸದಲ್ಲಿ ಮೊದಲಾಗಲಿ. ಇಪ್ಪತ್ತೈದು ವರ್ಷ ನಡೆದ ಹೋಟೆಲುಗಳ ಪಟ್ಟಿ ಮಾಡಲಿ. ಅವುಗಳಿಗೆ ದೀರ್ಘ ಕರಾರು ಬರೆದುಕೊಡುವ ಕಟ್ಟಡದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಪಟ್ಟಿಯಲ್ಲಿರುವ ಹೋಟೆಲು ಮುಚ್ಚುವುದಾದರೆ ಆರು ತಿಂಗಳು ಮುಂಚೆ ಕೆಲಸಗಾರರಿಗೆ ತಿಳಿಸಬೇಕು. ಅವರು ಸಂಘ ಕಟ್ಟಿ ಹೆಸರು, ಪಾತ್ರೆ, ಗಿರಾಕಿಗಳನ್ನು ವಹಿಸಿಕೊಳ್ಳಲು ಮುಂದೆ ಬಂದರೆ ಸಹಕಾರ ಇಲಾಖೆ ಮೊದಲ ಸಾಲ ಕೊಡಬೇಕು. ಖರ್ಚು ಎಲ್ಲಿಂದ ಎಂದು ಕೇಳುವವರಿದ್ದಾರೆ. ಹಳೇ ಹೋಟೆಲಿನ ಜಾಗದಲ್ಲಿ ಎದ್ದ ಬಹುಮಹಡಿ ಕಟ್ಟಡದ ನಕ್ಷೆ ಮಂಜೂರಾತಿಗೆ ಪಾಲಿಕೆ ಶುಲ್ಕ ವಸೂಲಿ ಮಾಡುತ್ತದಲ್ಲ, ಅದರಲ್ಲೊಂದು ಪಾಲನ್ನು ಇದಕ್ಕೆ ಎತ್ತಿಡಲಿ.