ಕಬ್ಬಿಗೆ ದರ ಕೇಳುವ ನೆಲದಲ್ಲಿ ಹಾಡಿಗೆ ದರ ಕೇಳೋರು ಯಾರು?

2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೊಡಿ ಅಂತ ರಸ್ತೆಗಿಳಿದರು. ಸರ್ಕಾರ ನಡುವೆ ಬಂದು 3,300 ಎಂದು ತೀರ್ಮಾನಿಸಿದ ಮೇಲೂ ಮುಧೋಳ ಭಾಗದ ರೈತರು ಒಪ್ಪದೆ ಹೋರಾಟ ಮುಂದುವರಿಸಿದರು. ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹೊತ್ತಿ ಉರಿದದ್ದನ್ನು ಇಡೀ ರಾಜ್ಯ ನೋಡಿತು. ದರ ಸಾಲದು ಅನ್ನೋದು ಅಲ್ಲಿನ ಜಗಳ. ಆದರೆ ಜಗಳ ಆಡೋಕೆ ಕಣ್ಣೆದುರು ಒಂದು ದರ ಇತ್ತು. ಕೇಂದ್ರ ಸರ್ಕಾರ ಆ ಹಂಗಾಮಿಗೆ ಶೇ. 10.25ರ ಇಳುವರಿ ಮೇಲೆ ಕ್ವಿಂಟಲ್‌ಗೆ 355 ರೂಪಾಯಿ ಎಫ್‌ಆರ್‌ಪಿ ಘೋಷಿಸಿತ್ತು. ತೂಕದಲ್ಲಿ ಮೋಸ, ಇಳುವರಿಯಲ್ಲಿ ಮೋಸ, ಬಾಕಿ ಬಿಲ್ಲು, ಎಲ್ಲವನ್ನೂ ರೈತ ಎತ್ತಿ ತೋರಿಸಬಹುದು. ಯಾಕಂದ್ರೆ ಲೆಕ್ಕ ಹಾಕೋಕೆ ಒಂದು ಸಂಖ್ಯೆ ಅವನ ಕೈಯಲ್ಲಿದೆ.

ಈಗ ಅದೇ ಟ್ರ್ಯಾಕ್ಟರ್‌ಗಳ ಮೇಲೆ ಕಟ್ಟಿದ ಸ್ಪೀಕರ್‌ಗಳ ಕಡೆ ಕಿವಿ ಕೊಡಿ. ಹಂಗಾಮು ಶುರುವಾದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಲ್ಲಿ ಸಿನಿಮಾ ಹಾಡಿಗಿಂತ ಜೋರಾಗಿ ಕೇಳೋದು ಉತ್ತರ ಕರ್ನಾಟಕದ ಜಾನಪದ ಶೈಲಿಯ ಹಾಡುಗಳು. ಸಣ್ಣ ಊರುಗಳ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿ, ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ, ಒಮ್ಮೊಮ್ಮೆ ಕೋಟಿಗಟ್ಟಲೆ ವೀಕ್ಷಣೆ ಪಡೆಯುವ ಹಾಡುಗಳು. ಆ ಹಾಡು ಬರೆದವರಿಗೆ, ಹಾಡಿದವರಿಗೆ, ಹಾರ್ಮೋನಿಯಂ ಹಿಡಿದವರಿಗೆ ಒಂದು ಕೇಳ್ವಿಗೆ ಎಷ್ಟು ರೊಕ್ಕ ಬಂತು ಅಂತ ಕೇಳಿ ನೋಡಿ. ಕಡಿಮೆ ಬಂತು ಅನ್ನೋದು ಆಮೇಲಿನ ಮಾತು. ಹೆಚ್ಚಿನವರಿಗೆ ಆ ಸಂಖ್ಯೆಯೇ ಗೊತ್ತಿರೋದಿಲ್ಲ. ನನ್ನ ಪ್ರಕಾರ ಇವತ್ತಿನ ಡಿಜಿಟಲ್ ಸಂಗೀತದ ರಾಜಕಾರಣ ಇರುವುದೇ ಇಲ್ಲಿ. ಕಡಿಮೆ ದರಕ್ಕಿಂತ, ದರವೇ ಕಾಣದಿರೋದು ದೊಡ್ಡ ಸಮಸ್ಯೆ.

ಒಂದೇ ಹುಂಡಿ, ದೊಡ್ಡವರ ಪಾಲು

ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ‘ಒಂದು ಸ್ಟ್ರೀಮ್‌ಗೆ ಇಷ್ಟು ಪೈಸೆ’ ಎಂಬ ನಿಗದಿತ ದರ ತನ್ನಲ್ಲಿಲ್ಲ ಅಂತ ಆ ಕಂಪನಿಯೇ ಹೇಳುತ್ತೆ. ಅದು ಮಾಡೋದು ಪಾಲಿನ ಲೆಕ್ಕ. ಒಂದು ದೇಶದ ಚಂದಾದಾರರ ಹಣ, ಜಾಹೀರಾತಿನ ಹಣ ಹುಂಡಿಗೆ ಬೀಳುತ್ತೆ. ಕಂಪನಿ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದದ್ದನ್ನು ಒಟ್ಟು ಸ್ಟ್ರೀಮ್‌ಗಳಲ್ಲಿ ಯಾರ ಹಾಡಿನ ಪ್ರಮಾಣ ಎಷ್ಟು ಅಂತ ನೋಡಿ ಹಂಚುತ್ತಾರೆ.

ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಬನಹಟ್ಟಿಯ ಒಬ್ಬ ಮಗ್ಗದ ಕೆಲಸಗಾರ ತಿಂಗಳಿಗೆ ನೂರು ರೂಪಾಯಿ ಚಂದಾ ಕಟ್ಟಿ, ತಿಂಗಳಿಡೀ ಬರೀ ಚೌಡಕಿ ಪದ ಮತ್ತು ಭಜನೆ ಪದ ಕೇಳಿದ ಅಂತ ಇಟ್ಟುಕೊಳ್ಳಿ. ಅವನ ರೊಕ್ಕ ಚೌಡಕಿ ಹಾಡಿದವರ ಮನೆಗೆ ಹೋಗಬೇಕಲ್ವಾ? ಹಾಗೆ ಹೋಗೋದಿಲ್ಲ. ಅದು ಹುಂಡಿಗೆ ಬಿದ್ದು, ದೇಶದಲ್ಲಿ ಅತಿ ಹೆಚ್ಚು ಓಡಿದ ಹಿಂದಿ, ಪಂಜಾಬಿ ಹಾಡುಗಳ ಕಂಪನಿಗಳಿಗೆ ದೊಡ್ಡ ಪಾಲಾಗಿ ಹರಿಯುತ್ತೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬೇರೆ ದಾರಿ ಇಲ್ಲವೆಂದಲ್ಲ. ಸೌಂಡ್‌ಕ್ಲೌಡ್ 2021ರಿಂದಲೇ, ಕೇಳುಗನ ಹಣ ಅವನು ಕೇಳಿದ ಕಲಾವಿದರಿಗೇ ಹೋಗುವ ಪದ್ಧತಿಯನ್ನು ಸ್ವತಂತ್ರ ಸಂಗೀತಗಾರರಿಗೆ ತಂದಿದೆ.

ಇನ್ನೊಂದು ಗೋಡೆ 2024ರಲ್ಲಿ ಎದ್ದಿತು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ಸ್ಪಾಟಿಫೈ ರೆಕಾರ್ಡಿಂಗ್ ರಾಯಲ್ಟಿ ಕೊಡೋದಿಲ್ಲ. ಅಂಥ ಹಾಡುಗಳಿಗೆ ಬರುತ್ತಿದ್ದದ್ದು ಚಿಲ್ಲರೆ ಕಾಸು, ಅದು ವಿತರಕರ ಖಾತೆಯಲ್ಲೇ ಉಳಿದುಬಿಡುತ್ತಿತ್ತು ಎಂಬುದು ಕಂಪನಿಯ ಸಮರ್ಥನೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಆ ಚಿಲ್ಲರೆ ಎಲ್ಲಿ ಹೋಯ್ತು? 1,000 ದಾಟಿದ ಹಾಡುಗಳ ಪಾಲಿಗೆ ಸೇರಿತು. ಸಣ್ಣವರ ಚಿಲ್ಲರೆ ಕೂಡಿ ದೊಡ್ಡವರ ಪಾಲು ಬೆಳೆಯಿತು. ಕಾರ್ಖಾನೆಯವರು ‘ಹತ್ತು ಟನ್‌ಗಿಂತ ಕಡಿಮೆ ಕಬ್ಬು ತಂದವರಿಗೆ ಬಿಲ್ಲಿಲ್ಲ’ ಅಂದಿದ್ದರೆ ಮುಧೋಳದಲ್ಲಿ ಏನಾಗುತ್ತಿತ್ತು ಅಂತ ಯೋಚಿಸಿ.

ರಾತ್ರಿಯಿಡೀ ಆಟ, 30 ಸೆಕೆಂಡಿನ ಲೆಕ್ಕ

ನಮ್ಮ ಭಾಗದ ಕಲೆಗೂ ಈ ವೇದಿಕೆಗಳ ಗಡಿಯಾರಕ್ಕೂ ಹೊಂದಾಣಿಕೆಯೇ ಇಲ್ಲ. ಶ್ರೀಕೃಷ್ಣ ಪಾರಿಜಾತ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಆಸ್ತಿ. ರಾತ್ರಿಯಿಡೀ ನಡೆಯುವ ಆಟ ಅದು. ಡೊಳ್ಳಿನ ಪದದ ಒಂದು ಕಥೆ ತಾಸುಗಟ್ಟಲೆ ಸಾಗುತ್ತೆ. ಗೀಗೀ ಮೇಳದಲ್ಲಿ ಹರದೇಶಿ–ನಾಗೇಶಿ ಸವಾಲು-ಜವಾಬು ಬೆಳಗಿನ ತನಕ ಎಳೆಯುತ್ತೆ.

ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡು ದಾಟಿದರೆ ಒಂದು ಸ್ಟ್ರೀಮ್. ಎರಡು ನಿಮಿಷದ ಹಾಡಿಗೂ ಒಂದೇ ಸ್ಟ್ರೀಮ್, ನಲವತ್ತು ನಿಮಿಷದ ಕಥಾ ಪದಕ್ಕೂ ಒಂದೇ ಸ್ಟ್ರೀಮ್. ಹಾಗಾಗಿ ಉದ್ದ ಹಾಡೋದು ಅಲ್ಲಿ ನಷ್ಟದ ವ್ಯವಹಾರ. ಯೂಟ್ಯೂಬ್‌ನಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ. ಎಂಟು ನಿಮಿಷ ದಾಟಿದ ವಿಡಿಯೋದ ನಡುವೆಯೂ ಜಾಹೀರಾತು ಹಾಕಬಹುದು, ಆ ಹಣದಲ್ಲಿ ಶೇ. 55 ಚಾನೆಲ್‌ಗೆ ಬರುತ್ತೆ. ಪಾರಿಜಾತ, ಭಜನೆ, ಡೊಳ್ಳಿನ ಪದಗಳು ಆ್ಯಪ್‌ಗಳಿಗಿಂತ ಯೂಟ್ಯೂಬ್‌ನಲ್ಲಿ ಹೆಚ್ಚು ಸಿಗೋದಕ್ಕೆ ಇದೂ ಒಂದು ಕಾರಣ ಇರಬೇಕು.

ಶಾರ್ಟ್ಸ್‌ನ ಲೆಕ್ಕವೇ ಬೇರೆ. ಒಂದು ಹಾಡು ಬಳಸಿದ ಶಾರ್ಟ್ ಗಳಿಸಿದ ಪಾಲಿನಲ್ಲಿ ಅರ್ಧ ಸಂಗೀತದ ಹಕ್ಕುದಾರರ ಕಡೆ ಹೋಗುತ್ತೆ. ಉಳಿದರ್ಧ ಕ್ರಿಯೇಟರ್‌ಗಳ ಹುಂಡಿಗೆ ಬಿದ್ದು, ಅದರಿಂದ ಅವರಿಗೆ ಶೇ. 45 ಸಿಗುತ್ತೆ. ಅಂದರೆ ನಿಮ್ಮ ಹಾಡಿಗೆ ಸಾವಿರಾರು ಹುಡುಗ-ಹುಡುಗಿಯರು ಕುಣಿದರೆ ರೊಕ್ಕ ಹುಟ್ಟುತ್ತೆ. ಅದು ಯಾರಿಗೆ ತಲುಪುತ್ತೆ ಅನ್ನೋದು ‘ಹಕ್ಕುದಾರ’ ಎಂಬ ಕಲಂನಲ್ಲಿ ಯಾರ ಹೆಸರಿದೆ ಅನ್ನೋದರ ಮೇಲೆ ನಿಂತಿದೆ. ಹಾಡಿದವರ ಹೆಸರು ಅಲ್ಲಿ ಇರುವುದು ಅಪರೂಪ.

ನೂಲು ಕೊಟ್ಟವನದೇ ಸೀರೆ

ರಬಕವಿ-ಬನಹಟ್ಟಿಯವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಮಾಲೀಕ ನೂಲು ಕೊಡ್ತಾನೆ, ನೇಕಾರ ಕೂಲಿ ಮೇಲೆ ನೇಯ್ದು ಕೊಡ್ತಾನೆ, ಸೀರೆ ಎಷ್ಟಕ್ಕೆ ಮಾರಾಟವಾಯ್ತು ಅನ್ನೋದು ನೇಕಾರನ ಲೆಕ್ಕಕ್ಕೆ ಬರೋದಿಲ್ಲ. ಇಲ್ಲಿನ ಜಾನಪದ ಚಾನೆಲ್‌ಗಳಲ್ಲೂ ಬಹುಪಾಲು ಇದೇ ಪದ್ಧತಿ. ಚಾನೆಲ್ ಮಾಲೀಕ ಸ್ಟುಡಿಯೋ, ಕ್ಯಾಮೆರಾ, ಎಡಿಟಿಂಗ್ ಖರ್ಚು ನೋಡಿಕೊಳ್ತಾನೆ. ಹಾಡುಗಾರರಿಗೆ, ಬರೆದವರಿಗೆ ಒಂದು ಹಾಡಿಗೆ ಇಷ್ಟು ಅಂತ ಕೈಗೆ ಕೊಟ್ಟು ಮುಗಿಸ್ತಾನೆ. ಕಾಗದ ಪತ್ರ ಇಲ್ಲ, ಮಾತೇ ಕರಾರು. ಹಾಡು ಓಡಿದರೆ ಆದಾಯ ಚಾನೆಲ್‌ಗೆ.

ಚಾನೆಲ್ ಮಾಲೀಕನನ್ನು ಖಳನಾಯಕ ಮಾಡೋದು ಸುಲಭ, ಆದರೆ ಅದು ಪೂರ್ತಿ ನಿಜ ಅಲ್ಲ. ಹತ್ತು ಹಾಡಿನಲ್ಲಿ ಒಂಬತ್ತು ಓಡೋದಿಲ್ಲ, ಆ ನಷ್ಟ ಹೊರುವವನು ಅವನೇ. ಚಾನೆಲ್‌ನಿಂದಾಗಿಯೇ ಊರಿನ ದನಿ ಲೋಕಕ್ಕೆ ಕೇಳಿದ್ದೂ ಹೌದು. ನಿಪನಾಳದ ಮಾಳು, ಬಾಳು ಬೆಳಗುಂದಿಯಂಥವರು ಮೊದಲು ಹೆಸರಾದದ್ದು ಯೂಟ್ಯೂಬ್‌ನಲ್ಲಿ, ಟಿವಿ ಅವರನ್ನು ಕರೆದದ್ದು ಆಮೇಲೆ. ಹೆಚ್ಚಿನ ಹಾಡುಗಾರರಿಗೆ ಯೂಟ್ಯೂಬ್ ಒಂದು ವಿಸಿಟಿಂಗ್ ಕಾರ್ಡ್. ಹೊಟ್ಟೆ ತುಂಬೋದು ಜಾತ್ರೆ, ಗಣೇಶೋತ್ಸವ, ಮದುವೆಗಳ ಸ್ಟೇಜ್ ಕಾರ್ಯಕ್ರಮಗಳಿಂದ. ಆದರೆ ಗಂಟಲು ಕೆಟ್ಟ ವರ್ಷ, ವಯಸ್ಸಾದ ಮೇಲೆ, ಕೋವಿಡ್‌ನಂತೆ ಜಾತ್ರೆಗಳೇ ನಿಂತಾಗ ಕೈ ಹಿಡಿಯಬೇಕಾದದ್ದು ಹಳೆ ಹಾಡಿನ ರಾಯಲ್ಟಿ. ಅದನ್ನೇ ನಾವು ಒಂದು ಕಂತಿನಲ್ಲಿ ಮಾರಿಬಿಟ್ಟಿದ್ದೇವೆ.

ಸ್ವಂತ ಚಾನೆಲ್ ಮಾಡಿಕೊಳ್ಳಿ ಅನ್ನೋದು ಸುಲಭದ ಸಲಹೆ. ಯೂಟ್ಯೂಬ್ ಜಾಹೀರಾತು ಹಣ ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ತಾಸಿನ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಖಾತೆಯಲ್ಲಿ 100 ಡಾಲರ್ ಸೇರುವ ತನಕ ಹಣ ಕೈಗೆ ಬರೋದಿಲ್ಲ. ಅಷ್ಟಲ್ಲದೆ ಬ್ಯಾಂಕ್ ಖಾತೆ, ಪ್ಯಾನ್, ಇಮೇಲ್, ಇಂಗ್ಲಿಷ್ ಫಾರ್ಮು. ಅರವತ್ತು ದಾಟಿದ ಪಾರಿಜಾತದ ಕಲಾವಿದೆಯ ಅಥವಾ ಚೌಡಕಿ ಹಾಡುವ ಜೋಗತಿಯ ಪರವಾಗಿ ಇದನ್ನೆಲ್ಲ ಮಾಡೋದು ಯಾರೋ ಹುಡುಗ, ಮತ್ತು ಖಾತೆ ಇರೋದು ಅವನ ಹೆಸರಲ್ಲಿ. ಇನ್ನು ನಕಲು ಹಿಡಿಯುವ ‘ಕಂಟೆಂಟ್ ಐಡಿ’ ಯಂತ್ರ ನೇರವಾಗಿ ಸಿಗೋದು ದೊಡ್ಡ ಹಕ್ಕುದಾರರಿಗೆ ಮಾತ್ರ. ಸಣ್ಣವರು ವಿತರಕರ ಮೂಲಕ ಹೋಗಬೇಕು, ಅವರಿಗೆ ಪಾಲನ್ನೋ ವಾರ್ಷಿಕ ಶುಲ್ಕವನ್ನೋ ಕೊಡಬೇಕು. ಹಲಗಲಿ ಬೇಡರ ಲಾವಣಿ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಇಂಥ ಸಾಂಪ್ರದಾಯಿಕ ಪದವನ್ನು ಮೊದಲು ನೋಂದಾಯಿಸಿದ ಕಂಪನಿಯ ಯಂತ್ರ ಇನ್ನೊಬ್ಬ ಹಾಡುಗಾರನ ವಿಡಿಯೋ ಮೇಲೆ ಹಕ್ಕು ಸಾಧಿಸಿದರೆ, ತಕರಾರು ಹಾಕಿ ಬಿಡಿಸಿಕೊಳ್ಳುವ ಹೊರೆ ಬೀಳೋದು ಹಾಡಿದವನ ಮೇಲೆ.

ಕಾನೂನು ನಮ್ಮ ಕಡೆಗೇ ಇದೆ

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವನ್ನೇ ಆಳಿದರು. ಅವರ ಕಾಲದಲ್ಲಿ ಹಾಡುಗಾರರಿಗೆ ಕಾನೂನಿನಲ್ಲಿ ಹಕ್ಕೇ ಇರಲಿಲ್ಲ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಸೇರಿದ್ದು 1994ರಲ್ಲಿ, ಅಮೀರಬಾಯಿ ತೀರಿಕೊಂಡು ಸುಮಾರು ಮೂರು ದಶಕದ ನಂತರ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು.

ಇವತ್ತಿನ ಕಾನೂನು ಹೀಗಿದೆ. ರೆಕಾರ್ಡಿಂಗ್‌ನ ಒಡೆತನ ಖರ್ಚು ಮಾಡಿದ ನಿರ್ಮಾಪಕನದು, ಅದು ನಿಜ. ಆದರೆ ಸಾಹಿತ್ಯ ಬರೆದವರು, ರಾಗ ಕಟ್ಟಿದವರು ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಅದು ಹೋಗೋದಿಲ್ಲ ಅಂತ 18ನೇ ಸೆಕ್ಷನ್ ಹೇಳುತ್ತೆ. ಪ್ರದರ್ಶನದ ವಾಣಿಜ್ಯ ಬಳಕೆಗೆ ಹಾಡುಗಾರರಿಗೂ ರಾಯಲ್ಟಿ ಇದೆ ಅನ್ನುತ್ತೆ 38ಎ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಲೇಬೇಕು. ಅವಧಿ ಬರೆದಿಲ್ಲವಾದರೆ ಐದೇ ವರ್ಷ ಅಂತ ಭಾವಿಸಬೇಕು ಅನ್ನುತ್ತೆ 19ನೇ ಸೆಕ್ಷನ್. ಹಾಗಿದ್ದ ಮೇಲೆ ‘ರೊಕ್ಕ ತಗೊಂಡೀಯಲ್ಲ, ಇನ್ನೇನು?’ ಎಂಬ ಬಾಯಿಮಾತಿನ ಕರಾರಿನಿಂದ ಬರೆದವರ ಹಕ್ಕು ಚಾನೆಲ್‌ಗೆ ಶಾಶ್ವತವಾಗಿ ಹೋಗೋದಿಲ್ಲ.

ಕೊರತೆ ಇರೋದು ದರದ ವಿಷಯದಲ್ಲಿ. ರೇಡಿಯೋ, ಟಿವಿಗೆ ಶಾಸನಬದ್ಧ ಪರವಾನಗಿ ಇದೆ, ಅದರ ದರವನ್ನು ಸರ್ಕಾರಿ ವ್ಯವಸ್ಥೆ ನಿಗದಿ ಮಾಡುತ್ತೆ. ಇದು ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಅನ್ವಯಿಸೋದಿಲ್ಲ ಅಂತ ಟಿಪ್ಸ್–ವಿಂಕ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಸ್ಟ್ರೀಮಿಂಗ್ ದರ ಚೌಕಾಸಿಗೆ ಬಿಟ್ಟದ್ದು. ಸಾವಿರಾರು ಹಾಡುಗಳ ಒಡೆತನ ಇರುವ ಟಿಪ್ಸ್‌ನಂಥ ಕಂಪನಿಗೆ ಅದು ಗೆಲುವು. ನಾಲ್ಕು ಹಾಡು ಇರುವ ತೇರದಾಳದ ಹುಡುಗ ಯಾರ ಜೊತೆ ಚೌಕಾಸಿ ಮಾಡಬೇಕು? ಅವನ ಮುಂದೆ ಇರೋದು ‘ನಾನು ಒಪ್ಪುತ್ತೇನೆ’ ಎಂಬ ಬಟನ್ ಮಾತ್ರ. ವಿಂಕ್ ಕಥೆಯೂ ನೆನಪಿರಲಿ. 2024ರಲ್ಲಿ ಏರ್‌ಟೆಲ್ ಅದನ್ನು ಮುಚ್ಚಿತು, ಅದೇ ವರ್ಷದ ಆರಂಭದಲ್ಲಿ ರೆಸ್ಸೋ ಕೂಡ ಭಾರತ ಬಿಟ್ಟಿತ್ತು. ಹಾಡುಗಾರ ವರ್ಷಗಟ್ಟಲೆ ಕೂಡಿಸಿದ ಕೇಳುಗರು ಕಂಪನಿಯ ಜೊತೆಗೇ ಮಾಯವಾಗ್ತಾರೆ.

ಬೆಂಗಳೂರಿಗೆ ಏನು ಕೇಳಬೇಕು?

ಉರುಗ್ವೆಯಂಥ ಪುಟ್ಟ ದೇಶ 2023ರಲ್ಲಿ ಕಲಾವಿದರಿಗೆ ನ್ಯಾಯಯುತ ಸಂಭಾವನೆಯ ಹಕ್ಕನ್ನು ಕಾನೂನಿಗೆ ಸೇರಿಸಿದಾಗ, ದೇಶವನ್ನೇ ಬಿಡುತ್ತೇನೆ ಅಂತ ಸ್ಪಾಟಿಫೈ ಹೇಳಿತ್ತು. ಕೊನೆಗೆ ಸರ್ಕಾರದಿಂದ ಸ್ಪಷ್ಟನೆ ಪಡೆದು ಅಲ್ಲೇ ಉಳಿಯಿತು. ಕೃತಿಸ್ವಾಮ್ಯ ನಮ್ಮಲ್ಲಿ ಕೇಂದ್ರದ ವಿಷಯ. ಹಾಗಂತ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ.

ಮೊದಲನೆಯದು, 2025ರ ಗಿಗ್ ಕಾರ್ಮಿಕರ ಕಾಯ್ದೆ. ವೇದಿಕೆಗಳಿಂದ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ, ಅಲ್ಗಾರಿದಮ್ ಹೇಗೆ ತೀರ್ಮಾನಿಸುತ್ತೆ ಅಂತ ತಿಳಿಯುವ ಹಕ್ಕು, ಇವೆಲ್ಲ ಅದರಲ್ಲಿವೆ. ಕಾಯ್ದೆಯ ಸೇವೆಗಳ ಪಟ್ಟಿಯಲ್ಲಿ ಆಹಾರ ವಿತರಣೆ, ಟ್ಯಾಕ್ಸಿ ಜೊತೆಗೆ ‘ಕಂಟೆಂಟ್ ಮತ್ತು ಮೀಡಿಯಾ ಸೇವೆ’ಯೂ ಇದೆ. ಚರ್ಚೆಯೆಲ್ಲ ಡೆಲಿವರಿ ಹುಡುಗರ ಸುತ್ತ ನಡೆಯಿತು, ಅದು ಸರಿಯೇ. ಹಾಡುಗಾರರನ್ನು ಈ ಪಟ್ಟಿಯೊಳಗೆ ಓದಬಹುದೇ ಎಂಬ ಪ್ರಶ್ನೆಯನ್ನು ಕಾರ್ಮಿಕ ಇಲಾಖೆಗೆ ಈಗಲೇ ಕೇಳಬೇಕು.

ಎರಡನೆಯದು, 2024ರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ. ಟಿಕೆಟ್, ಒಟಿಟಿ ಚಂದಾದ ಮೇಲೆ ಶೇ. 1ರಿಂದ 2ರಷ್ಟು ಸೆಸ್‌ಗೆ ಅದು ದಾರಿ ಮಾಡಿದೆ. ಆ ನಿಧಿ ಗಾಂಧಿನಗರದಲ್ಲೇ ಖರ್ಚಾಗಿ ಮುಗಿಯಬಾರದು. ಚೌಡಕಿ, ಡೊಳ್ಳು, ಪಾರಿಜಾತದವರ ನೋಂದಣಿ ತಾಲೂಕು ಮಟ್ಟದಲ್ಲೇ ಆಗಬೇಕು.

ಮೂರನೆಯದು ತೀರಾ ಸಣ್ಣ ಖರ್ಚಿನದು. ಕರ್ನಾಟಕ ಬಯಲಾಟ ಅಕಾಡೆಮಿ ಇರೋದು ಬಾಗಲಕೋಟೆಯಲ್ಲೇ. ಪ್ರಶಸ್ತಿ, ಸನ್ಮಾನದ ಜೊತೆಗೆ ಅಲ್ಲೊಂದು ಸಹಾಯ ಕೇಂದ್ರ ತೆರೆಯಲಿ. ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರು, ಐಪಿಆರ್‌ಎಸ್‌ ಮತ್ತು ಹಾಡುಗಾರರ ಹಕ್ಕಿನ ಸಂಘಕ್ಕೆ ಸದಸ್ಯತ್ವ ಮಾಡಿಸುವ ವ್ಯವಸ್ಥೆ, ಸುಳ್ಳು ಕ್ಲೇಮ್ ಬಂದಾಗ ತಕರಾರು ಬರೆದುಕೊಡುವ ಒಬ್ಬ ವ್ಯಕ್ತಿ, ಇಷ್ಟು ಸಾಕು.

ಕಬ್ಬು ಬೆಳೆಗಾರರಿಗೆ ಸಂಘ ಇದೆ, ನೇಕಾರರಿಗೆ ಸಂಘ ಇದೆ. ಹಾಡುವವರು ಮಾತ್ರ ಒಬ್ಬೊಬ್ಬರಾಗಿ, ಒಬ್ಬರ ವ್ಯೂಸ್ ಮೇಲೆ ಇನ್ನೊಬ್ಬರು ಕಣ್ಣಿಟ್ಟು ನಿಂತಿದ್ದಾರೆ. ನಾಲ್ಕು ತಾಲೂಕಿನ ಹಾಡುಗಾರರು, ಬರಹಗಾರರು, ವಾದ್ಯದವರು ಸೇರಿ ‘ಲಿಖಿತ ಕರಾರಿಲ್ಲದೆ ಸ್ಟುಡಿಯೋ ಹತ್ತೋದಿಲ್ಲ, ಮೂರು ತಿಂಗಳಿಗೊಮ್ಮೆ ಚಾನೆಲ್ ಲೆಕ್ಕ ತೋರಿಸಬೇಕು’ ಎಂಬ ಎರಡೇ ಷರತ್ತು ಇಟ್ಟರೂ ಚಾನೆಲ್‌ಗಳು ಮಾತಿಗೆ ಕೂರಲೇಬೇಕು. ಹಾಡುಗಾರರಿಲ್ಲದೆ ಚಾನೆಲ್ ನಡೆಯೋದಿಲ್ಲ. ಊರಿನಲ್ಲಿ ಕಾನೂನು ಓದಿದ, ಲೆಕ್ಕ ಬಲ್ಲ ಯುವಕ-ಯುವತಿಯರು ಈ ಕೆಲಸಕ್ಕೆ ಒಂದು ಭಾನುವಾರ ಕೊಡಬಹುದು. ಮೊದಲ ಕರಾರಿನ ಕರಡು ಬರೆಯೋಕೆ ಅಷ್ಟು ಸಮಯ ಸಾಕು.